ಕೆಂಪು ಕಲ್ಲಿನಿಂದ ಕಬ್ಬಿನತ್ತ: ಹಿಂಜರಿತದ ಕಾಲದಲ್ಲಿ ಸ್ವಂತ ಲಾರಿಯವರ ದಾರಿ

ಭಾರತದ ರಸ್ತೆ ಸಾಗಣೆಯ ಬಹುಪಾಲು ಇಂದಿಗೂ ಸಣ್ಣ ಮಾಲೀಕರ ಕೈಯಲ್ಲಿದೆ. ಒಂದೆರಡು ಲಾರಿಗಳನ್ನು ಸಾಲದ ಮೇಲೆ ಕೊಂಡು, ಹಲವೊಮ್ಮೆ ಸ್ಟಿಯರಿಂಗನ್ನೂ ತಾವೇ ಹಿಡಿದು, ಬಂದ ಬಾಡಿಗೆಯಲ್ಲಿ ಡೀಸೆಲ್, ಟೈರು, ಸಾಲದ ಕಂತು ಮತ್ತು ಮನೆಯ ಖರ್ಚನ್ನು ಒಟ್ಟಿಗೆ ತೂಗಿಸುವ ಇವರನ್ನು ಮಾಲೀಕ-ಚಾಲಕರು ಎಂದು ಕರೆಯಬಹುದು. ಬೇಡಿಕೆ ಕುಗ್ಗಿ ಗಣಿ, ಕಾರ್ಖಾನೆ ಮತ್ತು ಕಟ್ಟಡ ಕೆಲಸಗಳು ಒಂದರ ಹಿಂದೊಂದು ನಿಧಾನವಾಗುವ ಸ್ಥಿತಿಯನ್ನು ಅರ್ಥಶಾಸ್ತ್ರ ಹಿಂಜರಿತ ಎನ್ನುತ್ತದೆ. ಅಂಥ ಹೊತ್ತಿನಲ್ಲಿ ಲಾರಿಯನ್ನು ಮಾರುವ ಮೊದಲು ಇವರು ಯೋಚಿಸುವುದು ಅದೇ ಲಾರಿಗೆ ಬೇರೆ ಲೋಡು ಸಿಗಬಹುದೇ ಎಂದು. ಕಲ್ಲು ಹೊರುತ್ತಿದ್ದವರು ಕಬ್ಬಿನ ಕಡೆಗೆ, ಅದಿರು ಹೊರುತ್ತಿದ್ದವರು ಮರಳಿನ ಕಡೆಗೆ, ಸಿಮೆಂಟ್ ಹೊರುತ್ತಿದ್ದವರು ಈರುಳ್ಳಿಯ ಕಡೆಗೆ ತಿರುಗುವುದು ಹೊರಗಿನವರಿಗೆ ಸುಲಭದ ಮಾತಾಗಿ ಕಾಣುತ್ತದೆ. ಆದರೆ ಈ ಬದಲಾವಣೆ ಯಾರನ್ನು ಉಳಿಸುತ್ತದೆ, ಯಾರನ್ನು ಇನ್ನಷ್ಟು ಸಾಲಕ್ಕೆ ತಳ್ಳುತ್ತದೆ ಎಂಬುದಕ್ಕೆ ಸ್ಪಷ್ಟವಾದ ಕಾರಣಗಳಿದ್ದು, ಮಹಾಕೂಟದ ಬೆಟ್ಟಗಳ ಸುತ್ತಲಿನ ಬಾದಾಮಿ, ಹುನಗುಂದ, ಇಳಕಲ್ ಮತ್ತು ಬಾಗಲಕೋಟೆಯ ಸೀಮೆ ಅವುಗಳನ್ನು ಅರಿಯಲು ತಕ್ಕ ನೆಲೆಯಾಗಿದೆ.

ಒಂದೇ ಸೀಮೆ, ಹಲವು ಲೋಡು

ಈ ಸೀಮೆಯ ವಿಶೇಷವೆಂದರೆ ತೀರ ಕಡಿಮೆ ದೂರದೊಳಗೆ ತೀರ ಬೇರೆ ಬೇರೆ ಬಗೆಯ ಸರಕುಗಳು ಹುಟ್ಟುವುದು. ಇಳಕಲ್ ಎಂದೊಡನೆ ಸೀರೆ ನೆನಪಾಗುವುದಾದರೂ, ಲಾರಿಯವರಿಗೆ ಅದು ಮೊದಲು ಕೆಂಪು ಗ್ರಾನೈಟಿನ ಊರು; ಇಳಕಲ್, ಹುನಗುಂದ ಮತ್ತು ನೆರೆಯ ಕುಷ್ಟಗಿಯ ಸುತ್ತ ಕೊರೆದು ತೆಗೆದ ಕಲ್ಲಿನ ಬ್ಲಾಕುಗಳು ಪಾಲಿಶ್ ಕಾರ್ಖಾನೆಗಳಿಗೂ ಬಂದರುಗಳಿಗೂ ಸಾಗುತ್ತವೆ. ಬಾಗಲಕೋಟೆ ಮತ್ತು ಲೋಕಾಪುರದ ನೆಲದಡಿಯಲ್ಲಿ ಕಲಾದಗಿ ಸರಣಿಯೆಂದು ಭೂವಿಜ್ಞಾನಿಗಳು ಕರೆಯುವ ಶಿಲಾಸ್ತರದ ಸುಣ್ಣದ ಕಲ್ಲಿದ್ದು, ಬಾಗಲಕೋಟೆ ಮತ್ತು ಮುದ್ದಾಪುರದ ಸಿಮೆಂಟ್ ಕಾರ್ಖಾನೆಗಳು ಅದನ್ನೇ ನೆಚ್ಚಿಕೊಂಡಿವೆ. ಘಟಪ್ರಭೆ ಮತ್ತು ಕೃಷ್ಣೆಯ ನೀರು ಹರಿದ ಮುಧೋಳ, ಜಮಖಂಡಿ, ಬೀಳಗಿ ತಾಲ್ಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಗಳು ಒತ್ತಾಗಿ ನಿಂತಿವೆ. ಹುನಗುಂದದ ಎರೆಭೂಮಿಯಲ್ಲಿ ಕಡಲೆ ಮತ್ತು ಬಿಳಿಜೋಳ ಬೆಳೆದರೆ, ಬಾಗಲಕೋಟೆ ಮತ್ತು ಬಾದಾಮಿಯ ಕಡೆಯಿಂದ ಈರುಳ್ಳಿ ಬೆಂಗಳೂರಿನ ಮಾರುಕಟ್ಟೆಗೆ ಹೋಗುತ್ತದೆ. ಇಳಕಲ್ ಮತ್ತು ಹುನಗುಂದವನ್ನು ಮುಟ್ಟಿ ವಿಜಯಪುರದಿಂದ ಹೊಸಪೇಟೆ, ಚಿತ್ರದುರ್ಗದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಮತ್ತು ಗದ್ದನಕೇರಿ ಕ್ರಾಸ್, ಕೆರೂರು, ಕುಳಗೇರಿ ಕ್ರಾಸಿನ ಮೂಲಕ ಹುಬ್ಬಳ್ಳಿಗೆ ಇಳಿಯುವ ಹೆದ್ದಾರಿ 52 ಈ ಎಲ್ಲ ಸರಕಿಗೂ ದಾರಿಗಳು. ಇಳಕಲ್‌ನಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಹೊಸಪೇಟೆ, ಅದರಾಚೆ ಸಂಡೂರು ಮತ್ತು ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಳಿವೆ.

ಇಷ್ಟು ಬಗೆಯ ಲೋಡು ಕೈಗೆಟುಕುವಲ್ಲಿ ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆಂಬ ಧೈರ್ಯ ಸಹಜ. ಆ ಧೈರ್ಯ ಅರ್ಧ ಮಾತ್ರ ನಿಜವಾದದ್ದು. ಸರಕು ಬದಲಾದರೂ ಅದರ ಬೇಡಿಕೆಯ ಮೂಲ ಬದಲಾಗದಿದ್ದರೆ ಆ ಬದಲಾವಣೆಯಿಂದ ಪ್ರಯೋಜನವಿಲ್ಲ; ಮೂಲ ಬೇರೆಯಿರುವ ಸರಕಿಗೆ ಹೋಗುವ ಸ್ವಾತಂತ್ರ್ಯವಾದರೋ ಬಹುಮಟ್ಟಿಗೆ ಹಿಂಜರಿತ ಬರುವುದಕ್ಕೂ ಮೊದಲೇ, ಲಾರಿಯನ್ನು ಕೊಂಡ ದಿನದಂದೇ ನಿರ್ಧಾರವಾಗಿರುತ್ತದೆ.

ನಿಂತ ಲಾರಿಯ ಲೆಕ್ಕ

ಲಾರಿಯ ಖರ್ಚಿನಲ್ಲಿ ಎರಡು ಭಾಗಗಳಿವೆ. ಡೀಸೆಲ್, ಟೈರಿನ ಸವೆತ, ಟೋಲ್ ಮತ್ತು ಚಾಲಕನ ಭತ್ಯೆ ಲಾರಿ ಓಡಿದಾಗ ಮಾತ್ರ ತಗಲುವ ಓಡಾಟದ ಖರ್ಚು. ಸಾಲದ ಕಂತು, ವಿಮೆ, ರಸ್ತೆ ತೆರಿಗೆ, ಪರ್ಮಿಟ್ ಮತ್ತು ವಾಹನದ ಅರ್ಹತಾ ಪತ್ರವಾದ ಎಫ್‌ಸಿಯ ಶುಲ್ಕ ಲಾರಿ ನಿಂತರೂ ತಪ್ಪದ ಸ್ಥಿರ ಖರ್ಚು. ಹಿಂಜರಿತದಲ್ಲಿ ಮಾಲೀಕ-ಚಾಲಕರು ನಷ್ಟದ ಬಾಡಿಗೆಗೂ ಒಪ್ಪುವುದಕ್ಕೆ ಕಾರಣ ಇದೇ. ಓಡಾಟದ ಖರ್ಚು ಕಳೆದು ಸ್ವಲ್ಪವಾದರೂ ಉಳಿದರೆ ಅದು ಕಂತಿನ ಒಂದು ಅಂಶವನ್ನಾದರೂ ತುಂಬುತ್ತದೆಂಬ ಲೆಕ್ಕದಲ್ಲಿ ಒಬ್ಬೊಬ್ಬರೂ ಬಾಡಿಗೆ ಇಳಿಸುತ್ತಾ ಹೋಗುತ್ತಾರೆ. ಒಬ್ಬರಿಗೆ ಸರಿಯಾದ ಈ ಲೆಕ್ಕ ಎಲ್ಲರೂ ಮಾಡಿದಾಗ ಇಡೀ ಮಾರುಕಟ್ಟೆಯ ದರವನ್ನು ಕೆಳಕ್ಕೆ ಎಳೆಯುತ್ತದೆ.

ಇದಕ್ಕೆ ರಿಟರ್ನ್ ಲೋಡಿನ, ಎಂದರೆ ಮರಳುವಾಗ ಸಿಗುವ ಲೋಡಿನ, ಪ್ರಶ್ನೆ ಸೇರುತ್ತದೆ. ಬಾಗಲಕೋಟೆಯಿಂದ ಬೆಂಗಳೂರಿಗೆ ಸುಮಾರು 500 ಕಿಲೋಮೀಟರ್ ದಾರಿ ಎಂದಿಟ್ಟುಕೊಂಡು, ಲೋಡಿದ್ದಾಗ ಲೀಟರಿಗೆ 4 ಕಿಲೋಮೀಟರ್, ಖಾಲಿ ಬರುವಾಗ 5 ಕಿಲೋಮೀಟರ್ ಓಡುವ ಲಾರಿಯೊಂದನ್ನು ಉದಾಹರಣೆಗೆ ತೆಗೆದುಕೊಂಡರೆ ಹೋಗಿಬರಲು 225 ಲೀಟರ್ ಡೀಸೆಲ್ ಬೇಕು. ಕರ್ನಾಟಕ ಸರ್ಕಾರ 2025ರ ಏಪ್ರಿಲ್ 1ರಂದು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 21.17ಕ್ಕೆ ಏರಿಸಿದ ಬಳಿಕ ಬೆಂಗಳೂರಿನಲ್ಲಿದ್ದ ಲೀಟರಿಗೆ 91 ರೂಪಾಯಿಯ ದರದಲ್ಲಿ ಅದರ ಬೆಲೆ 20 ಸಾವಿರ ರೂಪಾಯಿಗೂ ಹೆಚ್ಚು, ಮತ್ತು ಅದರಲ್ಲಿ 9,100 ರೂಪಾಯಿ ಏನನ್ನೂ ಹೊರದೆ ಖಾಲಿ ಬಂದುದಕ್ಕಾಗಿಯೇ ಸುಟ್ಟ ಹಣ. ಆದ್ದರಿಂದ ಅನುಭವಿಗಳು ಹೋಗುವ ಬಾಡಿಗೆಯೊಂದನ್ನೇ ನೋಡದೆ, ಹೋಗಿ, ಇಳಿಸಿ, ಕಾಯ್ದು, ಮರಳಿ ಬರುವ ಒಟ್ಟು ದಿನಗಳಿಗೆ ಉಳಿದ ಹಣವನ್ನು ಭಾಗಿಸಿ ನೋಡುತ್ತಾರೆ. ಹೊಸ ಸರಕಿನ ಬಾಡಿಗೆ ಹೆಚ್ಚಾಗಿ ಕಂಡರೂ ಅದು ಒಂದೇ ದಿಕ್ಕಿನ ಸರಕಾಗಿದ್ದರೆ, ಇಲ್ಲವೇ ಇಳಿಸಲು ಎರಡು ದಿನ ಕಾಯಿಸುವ ಸರಕಾಗಿದ್ದರೆ, ಈ ಲೆಕ್ಕದಲ್ಲಿ ಹಳೆಯ ಸರಕಿಗಿಂತ ಕೆಳಗೆ ಬೀಳುತ್ತದೆ.

ಅದಿರಿನ ಪಾಠ

ಸರಕು ಬದಲಾವಣೆಯ ಕಷ್ಟವನ್ನು ಉತ್ತರ ಕರ್ನಾಟಕಕ್ಕೆ ಅತ್ಯಂತ ಕಠಿಣವಾಗಿ ಕಲಿಸಿದ್ದು ಬಳ್ಳಾರಿಯ ಅದಿರು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಹೊಸಪೇಟೆ ಮತ್ತು ಸಂಡೂರಿನಿಂದ ಬೇಲೆಕೇರಿ, ಕಾರವಾರ, ಮಂಗಳೂರು ಮತ್ತು ಕೃಷ್ಣಪಟ್ಟಣದ ಬಂದರುಗಳವರೆಗೆ ಲಾರಿಗಳ ಸಾಲು ಹಗಲಿರುಳು ಹರಿಯಿತು. ಅಕ್ಕಪಕ್ಕದ ಜಿಲ್ಲೆಗಳ ಅನೇಕರು ಹೊಲ ಅಡವಿಟ್ಟು, ಹಣಕಾಸು ಸಂಸ್ಥೆಗಳಿಂದ ಸಾಲ ಪಡೆದು ಟಿಪ್ಪರ್‌ಗಳನ್ನು ಕೊಂಡರು. ಟಿಪ್ಪರ್ ಎಂದರೆ ಹಿಂಬದಿಯನ್ನು ಹೈಡ್ರಾಲಿಕ್ ಜಾಕಿನಿಂದ ಎತ್ತಿ ಸರಕನ್ನು ಸುರಿಯುವ ಲಾರಿ. ಕಂತಿನ ಮೊತ್ತವನ್ನು ಅಂದಿನ ಏರಿದ ಬಾಡಿಗೆಗೆ ಹೊಂದಿಸಿಕೊಂಡಿದ್ದು ಮುಂದಿನ ಸಂಕಷ್ಟದ ಬೀಜವಾಯಿತು.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಸಲ್ಲಿಸಿದರು. ಎರಡೇ ದಿನಗಳಲ್ಲಿ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು ಮತ್ತು ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರುಗಳಿಗೂ ಆ ಆದೇಶವನ್ನು ವಿಸ್ತರಿಸಿತು. ನೆಲ, ಕಾಡು ಮತ್ತು ನೀರನ್ನು ಉಳಿಸಲು ಈ ಆದೇಶ ಅಗತ್ಯವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅಕ್ರಮದ ಲಾಭದಲ್ಲಿ ದೊಡ್ಡ ಪಾಲು ಪಡೆಯದ ಸಣ್ಣ ಲಾರಿ ಮಾಲೀಕರ ಮೇಲೆ ಅದರ ಭಾರ ತಕ್ಷಣ ಬಿತ್ತು. ಲಾರಿಗಳು ರಸ್ತೆ ಬದಿಯಲ್ಲಿ ನಿಂತವು, ಕಂತು ತಪ್ಪಿತು, ಹಣಕಾಸು ಸಂಸ್ಥೆಗಳು ವಾಹನಗಳನ್ನು ವಶಪಡಿಸಿಕೊಂಡವು. ಸಾವಿರಾರು ಟಿಪ್ಪರ್‌ಗಳು ಒಟ್ಟಿಗೆ ಮಾರಾಟಕ್ಕೆ ಬಂದದ್ದರಿಂದ ಮಾರಿದರೂ ಸಾಲ ತೀರದ ಸ್ಥಿತಿ ಒದಗಿತು.

ಬೇರೆ ಸರಕಿಗೆ ಹೋಗಲು ಯತ್ನಿಸಿದವರ ಮುಂದೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಅದೇ ಕೆಲಸವನ್ನು ಬೇರೆ ಊರಿನಲ್ಲಿ ಹುಡುಕುವುದು ಮೊದಲ ದಾರಿ, ಎಂದರೆ ಗೋವಾದ ಗಣಿಗಳಿಗೆ ಹೋಗುವುದು. 2012ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಅಲ್ಲಿಯ ಸರ್ಕಾರ ಮತ್ತು ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆಯನ್ನೂ ನಿಲ್ಲಿಸಿದವು. ಟಿಪ್ಪರಿಗೆ ಸುಲಭವಾಗಿ ಒಗ್ಗುವ ಮರಳು ಎರಡನೆಯ ದಾರಿ. 2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರಳು, ಕಟ್ಟಡ ಕಲ್ಲು ಮುಂತಾದ ಉಪಖನಿಜಗಳ ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಹೇಳಿದ್ದರಿಂದ ಅಲ್ಲಿಯೂ ನಿಯಮ ಬಿಗಿಯಾಯಿತು. ಕಾಳು, ಮೂಟೆ, ತರಕಾರಿಯಂಥ ಸಾಮಾನ್ಯ ಸರಕಿನ ಮೂರನೆಯ ದಾರಿಗೆ ಟಿಪ್ಪರಿನ ಗಿಡ್ಡ, ದಪ್ಪ ಉಕ್ಕಿನ ಡಬ್ಬಿ ಹೊಂದುವುದಿಲ್ಲ. ಅದರ ಖಾಲಿ ತೂಕ ಹೆಚ್ಚು, ಒಳಗಿನ ಜಾಗ ಕಡಿಮೆ. ಗಣಿಗಾರಿಕೆ 2012ರ ಕೊನೆಯ ವೇಳೆಗೆ ಹಂತಹಂತವಾಗಿ ಮರಳಿತಾದರೂ, ನ್ಯಾಯಾಲಯ 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಉತ್ಪಾದನೆಗೆ ವಾರ್ಷಿಕ ಮಿತಿ ಹಾಕಿದ್ದರಿಂದ ಹಳೆಯ ಸಂಖ್ಯೆಯ ಲಾರಿಗಳಿಗೆ ಕೆಲಸ ಮರಳಲಿಲ್ಲ. ಒಂದೇ ಸರಕಿಗೆ ತಕ್ಕ ವಾಹನ, ಏರಿದ ದರಕ್ಕೆ ತಕ್ಕ ಸಾಲ, ಒಂದೇ ಆದೇಶಕ್ಕೆ ಸಿಕ್ಕುವ ಸಂಪೂರ್ಣ ಜೀವನೋಪಾಯ: ಇವು ಒಟ್ಟಾದಲ್ಲಿ ಸರಕು ಬದಲಾವಣೆ ಹೆಸರಿಗಷ್ಟೇ ಉಳಿಯುತ್ತದೆಂಬುದನ್ನು ಆ ವರ್ಷಗಳು ತೋರಿಸಿದವು.

ಯಾವುದು ನಿಜವಾದ ಬದಲಾವಣೆ

ಗ್ರಾನೈಟ್ ವ್ಯಾಪಾರ ಕುಸಿದಾಗ ಸಿಮೆಂಟಿಗೆ ಹೋಗುವುದು ಇಳಕಲ್ ಸೀಮೆಯವರಿಗೆ ಹತ್ತಿರದ ದಾರಿಯಾಗಿ ಕಾಣುತ್ತದೆ. ಆದರೆ ಗ್ರಾನೈಟ್, ಸಿಮೆಂಟ್, ಜಲ್ಲಿ, ಮರಳು ಮತ್ತು ಕಬ್ಬಿಣದ ಸರಳು ಇವೆಲ್ಲ ಕೊನೆಗೆ ಒಂದೇ ಕಡೆಯಿಂದ ಹಣ ಕಾಣುವ ಸರಕುಗಳು. ಮನೆ, ರಸ್ತೆ ಮತ್ತು ಕಚೇರಿ ಕಟ್ಟುವವರು ಕೈ ಬಿಗಿಹಿಡಿದರೆ ಎಲ್ಲವೂ ಹಿಂದುಮುಂದಾಗಿ ನಿಲ್ಲುತ್ತವೆ. ಗ್ರಾನೈಟಿಗೆ ಇನ್ನೊಂದು ಅಪಾಯವೂ ಉಂಟು. ರಫ್ತಾಗುವ ಬ್ಲಾಕುಗಳ ಬೇಡಿಕೆ ದೂರದೇಶಗಳ ಕಟ್ಟಡ ಉದ್ಯಮದ ಕೈಯಲ್ಲಿರುವುದರಿಂದ, 2008ರಲ್ಲಿ ಅಮೆರಿಕದ ಮನೆ ಸಾಲದ ವ್ಯವಸ್ಥೆ ಕುಸಿದಂಥ ಘಟನೆಯ ಪರಿಣಾಮ ಇಲ್ಲಿಯ ಕ್ವಾರಿಯ ಲಾರಿಯವರೆಗೂ ತಲುಪಬಲ್ಲದು.

ಕಬ್ಬು, ಕಾಳು, ಈರುಳ್ಳಿ, ರಸಗೊಬ್ಬರ ಮತ್ತು ಪಶು ಆಹಾರದ ಲೋಡುಗಳು ಮಳೆಗೂ ನೀರಾವರಿಗೂ ಕಟ್ಟುಬಿದ್ದವು. ಕಟ್ಟಡ ಉದ್ಯಮ ಸೊರಗಿದ ವರ್ಷದಲ್ಲೂ ಜನ ಉಣ್ಣುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ ಈ ಲೋಡುಗಳು ಉಳಿಯುತ್ತವೆ; ಕಟ್ಟಡ ಉದ್ಯಮ ಏರಿದ ವರ್ಷದಲ್ಲಿ ಬರ ಬಂದರೆ ಇವು ಕುಸಿಯುತ್ತವೆ. 2020ರ ಮಾರ್ಚ್ 25ರಿಂದ ಆರಂಭವಾದ ಲಾಕ್‌ಡೌನ್ ಈ ವ್ಯತ್ಯಾಸವನ್ನು ಎಲ್ಲರ ಕಣ್ಣಿಗೆ ಕಾಣಿಸಿತು. ಕ್ವಾರಿ ಮತ್ತು ಕಟ್ಟಡದ ಕೆಲಸ ನಿಂತಿತು. ಅಗತ್ಯ ವಸ್ತುಗಳ ಸಾಗಣೆಗೆ ಆರಂಭದಲ್ಲೇ ಅವಕಾಶವಿತ್ತು, ಮತ್ತು ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಎಲ್ಲ ಬಗೆಯ ಸರಕನ್ನೂ ಸಾಗಿಸಬಹುದೆಂದು ಸ್ಪಷ್ಟಪಡಿಸಿತು. ಹಮಾಲರು ಸಿಗದೆ, ಢಾಬಾಗಳು ಮುಚ್ಚಿ, ಚಾಲಕರು ಊರು ಸೇರಿದ್ದ ಆ ವಾರಗಳಲ್ಲೂ ಧಾನ್ಯ ಮತ್ತು ತರಕಾರಿಯ ಲಾರಿಗಳು ಓಡಿದವು. ಆದ್ದರಿಂದ ಸರಕು ಬದಲಿಸುವಾಗ ಹೊಸ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು, ಆ ಬಾಡಿಗೆಯ ಹಣ ಕೊನೆಗೆ ಯಾರ ಜೇಬಿನಿಂದ ಬರುತ್ತದೆ, ಆ ಜೇಬು ಯಾವಾಗ ಖಾಲಿಯಾಗುತ್ತದೆ ಎಂದು ಕೇಳುವುದು ಅಗತ್ಯ.

ಕಬ್ಬಿನ ಹಂಗಾಮಿನ ಒಳಗು

ಬಾಗಲಕೋಟೆ ಜಿಲ್ಲೆಯಲ್ಲಿ ಕಟ್ಟಡ ಸಾಮಗ್ರಿಯ ಲೋಡು ಬಿಟ್ಟವರಿಗೆ ಎದುರಿಗೇ ಕಾಣುವುದು ಕಬ್ಬು. ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಆರಂಭವಾಗಿ ಮಾರ್ಚ್‌ವರೆಗೆ ನಡೆಯುವ ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಗಳು ಹಗಲಿರುಳು ಓಡುತ್ತವೆ. ಕಡಿದ ಕಬ್ಬು ತಡವಾದಷ್ಟೂ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದರಿಂದ ವಾಹನಗಳಿಗೆ ಬೇಡಿಕೆ ತಪ್ಪುವುದಿಲ್ಲ. ಬಾಡಿಗೆ ಟನ್ನಿನ ಮೇಲೆ, ಹೊಲದಿಂದ ಕಾರ್ಖಾನೆಗಿರುವ ದೂರಕ್ಕೆ ತಕ್ಕಂತೆ ನಿಗದಿಯಾಗುತ್ತದೆ. ಕಟಾವು ಮತ್ತು ಸಾಗಣೆಯ ಈ ವೆಚ್ಚವನ್ನು ಸಾಮಾನ್ಯವಾಗಿ ರೈತನ ಕಬ್ಬಿನ ಹಣದಿಂದಲೇ ಕಳೆಯಲಾಗುತ್ತದೆ.

ಹೊರಗಿನಿಂದ ಬಂದವರಿಗೆ ಕಾಣದ ಸಂಗತಿಯೆಂದರೆ ಇಲ್ಲಿ ಲಾರಿ ಒಂದೇ ಸಾಲದು. ಸಾಗಣೆದಾರ ಹಂಗಾಮಿಗೆ ತಿಂಗಳುಗಳ ಮೊದಲೇ ಕಾರ್ಖಾನೆಯೊಡನೆ ಕರಾರು ಮಾಡಿಕೊಂಡು, ಅಲ್ಲಿಂದ ಮುಂಗಡ ಪಡೆದು, ತನ್ನ ಹಣವನ್ನೂ ಸೇರಿಸಿ, ಕಬ್ಬು ಕಡಿಯುವ ಗ್ಯಾಂಗಿನ ಮುಖ್ಯಸ್ಥನಾದ ಮುಕಾದಮನಿಗೆ ಕೊಡಬೇಕಾಗುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದಲೂ ವಿಜಯಪುರ ಸೀಮೆಯ ಲಂಬಾಣಿ ತಾಂಡಾಗಳಿಂದಲೂ ಬರುವ ಈ ಗ್ಯಾಂಗುಗಳು ಮುಂಗಡ ಪಡೆದು ಬಾರದೆ ಹೋದರೆ, ಇಲ್ಲವೇ ನಡುವೆ ಬೇರೆಡೆಗೆ ಹೋದರೆ, ಕಾರ್ಖಾನೆಯ ಸಾಲ ಸಾಗಣೆದಾರನ ತಲೆಯ ಮೇಲೆ ಉಳಿಯುತ್ತದೆ. ಕಾರ್ಮಿಕರ ಕಡೆಯಿಂದ ನೋಡಿದರೆ, ಬೇಸಿಗೆಯ ಹಸಿವಿಗೆ ಪಡೆದ ಅದೇ ಮುಂಗಡ ಇಡೀ ಕುಟುಂಬವನ್ನು ಒಂದು ಹಂಗಾಮಿನ ದುಡಿಮೆಗೆ ಕಟ್ಟಿಹಾಕುತ್ತದೆ. ಗ್ರಾನೈಟ್ ಬಿಟ್ಟು ಬಂದ ಮಾಲೀಕ ತಾನು ಸಾಗಣೆಗೆ ಮಾತ್ರ ಬಂದೆನೆಂದು ತಿಳಿದರೂ, ವಾಸ್ತವದಲ್ಲಿ ಕೂಲಿ ಒದಗಿಸುವ ಮತ್ತು ಸಾಲ ಕೊಡುವ ಹೊಣೆಯನ್ನೂ ಹೊತ್ತಿರುತ್ತಾನೆ.

ಈ ಸೀಮೆಯ ಹೊಲದ ದಾರಿಗಳಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಲಾರಿಗೆ ಬಲವಾದ ಪೈಪೋಟಿ ಒಡ್ಡುತ್ತದೆ. ಹಂಗಾಮು ಮುಗಿದ ಮೇಲೆ ಅದು ಉಳುಮೆಗೂ ಬರುತ್ತದೆ, ಲಾರಿ ಬರುವುದಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಪಾಳಿಗಾಗಿ ಕಾಯುವ ಸಮಯ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಬೆಲೆಯ ವಿವಾದ ಎದ್ದರೆ ಅದರ ಬಿಸಿ ಮೊದಲು ತಟ್ಟುವುದೂ ವಾಹನಕ್ಕೇ. ಬೆಳಗಾವಿ ಜಿಲ್ಲೆಯಲ್ಲಿ ಎದ್ದಿದ್ದ ಕಬ್ಬಿನ ದರದ ಹೋರಾಟ 2025ರ ನವೆಂಬರ್‌ನಲ್ಲಿ ಮುಧೋಳದ ಕಡೆಗೂ ಹಬ್ಬಿದಾಗ ಸಾಗಣೆ ಸ್ಥಗಿತಗೊಂಡಿತು. ಸಮೀರವಾಡಿಯ ಬಳಿ ಕಬ್ಬು ತುಂಬಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗಳು ಬೆಂಕಿಗೆ ಆಹುತಿಯಾದವು. ಇಷ್ಟಾದರೂ ಕಬ್ಬು ಕಟ್ಟಡ ಉದ್ಯಮದಿಂದ ಬೇರೆಯಾದ ಮೂಲವುಳ್ಳ ಸರಕಾಗಿದ್ದು, ಹಂಗಾಮಿನ ಐದು ತಿಂಗಳು ಕಬ್ಬು, ಉಳಿದ ತಿಂಗಳುಗಳಲ್ಲಿ ಗೊಬ್ಬರ, ಮೆಕ್ಕೆಜೋಳ ಅಥವಾ ಸಿಮೆಂಟ್ ಎಂಬ ಜೋಡಣೆ ಮಾಡಿಕೊಂಡವರಿಗೆ ಅದು ಆಸರೆಯಾಗಬಲ್ಲದು. ಕಬ್ಬೊಂದನ್ನೇ ನೆಚ್ಚಿದವರು ಒಂದು ಅವಲಂಬನೆಯನ್ನು ಬಿಟ್ಟು ಇನ್ನೊಂದಕ್ಕೆ ಸಿಕ್ಕುತ್ತಾರೆ.

ಡಬ್ಬಿ, ದಾಖಲೆ, ಪರಿಚಯ

ಬದಲಾವಣೆಗೆ ಮೊದಲ ಅಡ್ಡಿ ಲಾರಿಯ ಮೈಕಟ್ಟೇ. ಗ್ರಾನೈಟಿನ ಒಂದು ಘನ ಮೀಟರ್ ಸುಮಾರು 2.7 ಟನ್ ತೂಗುತ್ತದೆ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಒಂದೇ ಬ್ಲಾಕ್ 24 ಟನ್ ದಾಟುವುದರಿಂದ ಅದಕ್ಕೆ ತಗ್ಗಾದ, ಬಲವಾದ ತೆರೆದ ಟ್ರೇಲರ್ ಬೇಕು. ಈರುಳ್ಳಿಗೆ ಎತ್ತರದ ಪಕ್ಕಗಳೂ ಗಾಳಿಯಾಡುವ ವ್ಯವಸ್ಥೆಯೂ ಮಳೆಯಿಂದ ಕಾಯುವ ತಾಡಪತ್ರಿಯೂ ಬೇಕು. ಬಳ್ಳಾರಿಯ ಉಕ್ಕಿನ ಸೀಮೆಯಲ್ಲಿ ಉಕ್ಕಿನ ಸುರುಳಿ ಹೊರುವ ಟ್ರೇಲರ್ ಗ್ರಾನೈಟಿಗೂ ನಡೆದೀತು. ರಾಯಚೂರು ಮತ್ತು ವಿಜಯಪುರ ಜಿಲ್ಲೆಯ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರಗಳಿಂದ ಸಿಮೆಂಟ್ ಕಾರ್ಖಾನೆಗೆ ಹಾರುಬೂದಿ ತರುವ ಬಲ್ಕರ್, ಎಂದರೆ ಪುಡಿಯನ್ನು ಗಾಳಿಯ ಒತ್ತಡದಿಂದ ಇಳಿಸುವ ಮುಚ್ಚಿದ ಟ್ಯಾಂಕಿನ ವಾಹನ, ಆ ಕೆಲಸವಿಲ್ಲದಾಗ ಪುಡಿಯಲ್ಲದ ಸರಕಿಗೆ ಒದಗುವುದಿಲ್ಲ. ವಿಶೇಷ ವಾಹನ ಒಳ್ಳೆಯ ಕಾಲದಲ್ಲಿ ಹೆಚ್ಚು ಗಳಿಸುತ್ತದೆ, ಕೆಟ್ಟ ಕಾಲದಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಸಾಮಾನ್ಯ ತೆರೆದ ಡಬ್ಬಿಯ ಲಾರಿ ಎಲ್ಲ ಕಾಲದಲ್ಲೂ ಸ್ವಲ್ಪ ಕಡಿಮೆ ಗಳಿಸಿದರೂ ಹೋಗಲು ಹತ್ತು ದಾರಿಗಳನ್ನು ಉಳಿಸಿಕೊಳ್ಳುತ್ತದೆ.

ಮೈಕಟ್ಟನ್ನು ಬದಲಿಸುವುದಾದರೆ ಅದೂ ಮಾಲೀಕನ ಇಚ್ಛೆಯಿಂದಷ್ಟೇ ಆಗುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವಿರುದ್ಧವಾದ ಮಾರ್ಪಾಟನ್ನು ತಡೆಯುತ್ತದೆ. ಕೆಎ 29 ನೋಂದಣಿಯ ಬಾಗಲಕೋಟೆಯ ಆರ್‌ಟಿಒ ಕಚೇರಿಯಾಗಲಿ, ಕೆಎ 48ರ ಜಮಖಂಡಿಯ ಕಚೇರಿಯಾಗಲಿ ಮಾರ್ಪಾಟನ್ನು ದಾಖಲಿಸಬೇಕು, ಮತ್ತು ಲಾರಿ ಸಾಲದಲ್ಲಿದ್ದರೆ ಸಾಲ ಕೊಟ್ಟ ಸಂಸ್ಥೆಯ ಒಪ್ಪಿಗೆ ಬೇಕು. ಪೆಟ್ರೋಲ್, ಅನಿಲ ಅಥವಾ ರಾಸಾಯನಿಕದಂಥ ಅಪಾಯಕಾರಿ ಸರಕಿಗೆ ಹೋಗಬೇಕಾದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮದಂತೆ ಚಾಲಕ ತರಬೇತಿ ಪಡೆದು ಲೈಸೆನ್ಸಿನಲ್ಲಿ ಅದನ್ನು ನಮೂದಿಸಿಕೊಳ್ಳಬೇಕು. ಖನಿಜಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿ ಬೇಕಾದರೆ, 50 ಸಾವಿರ ರೂಪಾಯಿ ಮೀರಿದ ವ್ಯಾಪಾರದ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು; ಇದು ಸರಕಿನ ವಿವರ, ಮೌಲ್ಯ ಮತ್ತು ವಾಹನದ ಸಂಖ್ಯೆಯುಳ್ಳ ವಿದ್ಯುನ್ಮಾನ ಚೀಟಿಯಾಗಿದ್ದು, 2021ರ ಜನವರಿಯಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಹೊಂದಿರುವುದರಿಂದ ದಾರಿಯಲ್ಲಿ ಕೆಟ್ಟುನಿಂತ ಹಳೆಯ ಲಾರಿಗೆ ಅವಧಿ ಮೀರುವ ಭಯವಿರುತ್ತದೆ.

ಬಾಡಿಗೆ ಇಳಿದಾಗ ಕೊರತೆಯನ್ನು ಹೆಚ್ಚು ತೂಕ ಹೇರಿ ತುಂಬುವ ಆಸೆ ಹುಟ್ಟುತ್ತದೆ. ಕೇಂದ್ರದ ತಿದ್ದುಪಡಿ ಕಾಯಿದೆ 2019ರ ಸೆಪ್ಟೆಂಬರ್ 1ರಿಂದ ಅಧಿಕ ಭಾರಕ್ಕೆ 20 ಸಾವಿರ ರೂಪಾಯಿ ದಂಡವನ್ನೂ ಹೆಚ್ಚುವರಿ ಪ್ರತಿ ಟನ್ನಿಗೆ 2 ಸಾವಿರ ರೂಪಾಯಿಯನ್ನೂ ವಿಧಿಸಿದೆ. ದಂಡಕ್ಕಿಂತ ಮುಖ್ಯವಾದುದು ಬ್ರೇಕ್, ಟೈರು ಮತ್ತು ಜೀವದ ಮೇಲಿನ ಅಪಾಯ.

ಕಾಗದಗಳೆಲ್ಲ ಸರಿಯಿದ್ದರೂ ಪರಿಚಯವಿಲ್ಲದೆ ಹೊಸ ಸರಕು ಸಿಗುವುದಿಲ್ಲ. ಟ್ರಾನ್ಸ್‌ಪೋರ್ಟ್ ಆಫೀಸಿನವರು ಕಮಿಷನ್ ಹಿಡಿದು ಲೋಡು ಕೊಡುತ್ತಾರೆ, ಬಾಡಿಗೆಯ ಒಂದು ಭಾಗವನ್ನು ಅಡ್ವಾನ್ಸಾಗಿ ಕೊಟ್ಟು ಉಳಿದುದನ್ನು ಸರಕು ತಲುಪಿದ ಬಳಿಕ ಕೊಡುತ್ತಾರೆ; ಯಾವ ಆಫೀಸು ಬಾಕಿಯನ್ನು ಯಾವಾಗ ತೀರಿಸುತ್ತದೆಂಬ ತಿಳಿವಳಿಕೆ ವರ್ಷಗಳ ಗಳಿಕೆ. ಹಲವೆಡೆ ಸ್ಥಳೀಯ ಲಾರಿ ಮಾಲೀಕರ ಸಂಘಗಳು ಪಾಳಿಯ ಪ್ರಕಾರ ಲೋಡು ಹಂಚುತ್ತವೆ; ಒಳಗಿನವರಿಗೆ ರಕ್ಷಣೆಯಾದ ಈ ಪದ್ಧತಿ ಬೇರೆ ಸರಕಿನಿಂದ ಬಂದವರಿಗೆ ಮುಚ್ಚಿದ ಬಾಗಿಲು.

ನೆರವು ಯಾರಿಗೆ

ಹಿಂಜರಿತದ ಹೊತ್ತಿನಲ್ಲಿ ಸರ್ಕಾರಗಳು ನೀಡುವ ನೆರವು ಹೆಚ್ಚಾಗಿ ಹೊಸ ವಾಹನಗಳ ಮಾರಾಟವನ್ನು ಕಾಯುತ್ತದೆ. 2009ರ ಜನವರಿಯಿಂದ ಕೊಂಡ ಹೊಸ ವಾಣಿಜ್ಯ ವಾಹನಗಳಿಗೆ ಆದಾಯ ತೆರಿಗೆಯಲ್ಲಿ ಶೇಕಡಾ 50ರ ಸವಕಳಿ ರಿಯಾಯಿತಿ ದೊರೆಯಿತು. 2018ರ ಜುಲೈ 16ರಂದು ತೂಕದ ಮಿತಿ ಏರಿ, ಮೂರು ಆಕ್ಸಲಿನ ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್ನಿನಿಂದ 28.5 ಟನ್ನಿಗೆ ಹೋಯಿತು. ಅಲ್ಲಿಯವರೆಗೆ ಆರು ಲಾರಿಗಳು ಹೊರುತ್ತಿದ್ದುದನ್ನು ಐದೇ ಹೊರಬಲ್ಲವಾದವು, ಮತ್ತು ಮರುವರ್ಷ ಬೇಡಿಕೆ ಕುಗ್ಗಿದಾಗ ಲಾರಿಗಳು ಸರಕಿಗಿಂತ ಹೆಚ್ಚಾಗಿ ಉಳಿದವು. 2020ರಲ್ಲಿ ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತಾದರೂ ಆ ತಿಂಗಳುಗಳ ಬಡ್ಡಿ ಬೆಳೆಯುತ್ತಲೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದದ್ದು ಹೊಸದಾಗಿ ಕೊಳ್ಳುವವರಿಗೆ ಅನುಕೂಲ. ಹಳೆಯ ದರದಲ್ಲಿ ಕೊಂಡು ಕಂತು ಕಟ್ಟುತ್ತಿರುವವರ ಲಾರಿಯ ಮರುಮಾರಾಟದ ಬೆಲೆ ಅದರಿಂದ ಇಳಿಯುತ್ತದೆ. ಸರಕು ಕಡಿಮೆಯಾದಾಗ ಲಾರಿಗಳ ಸಂಖ್ಯೆಯನ್ನು ಹೆಚ್ಚಿಸುವ ನೆರವು ಈಗಾಗಲೇ ರಸ್ತೆಯ ಮೇಲಿರುವವರಿಗೆ ನೆರವಲ್ಲವೆಂಬುದನ್ನು ನೀತಿ ರೂಪಿಸುವವರು ಗಮನಿಸಬೇಕು.

ಈ ಸ್ಥಿತಿ ಭಾರತಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದಲ್ಲಿ ಕೋವಿಡ್ ನಂತರ ಸರಕಿನ ದರ ಜಿಗಿದಾಗ ಸಾವಿರಾರು ಚಾಲಕರು ದುಬಾರಿ ಬೆಲೆಗೆ ಸ್ವಂತ ಟ್ರಕ್ ಕೊಂಡರು. 2022ರಿಂದ ದರ ಕುಸಿದಾಗ ಕಂತು ಕಟ್ಟಲಾಗದೆ ಹೊರಬಿದ್ದರು. ಸುಮಾರು 30 ಸಾವಿರ ಉದ್ಯೋಗಿಗಳಿದ್ದ ಯೆಲ್ಲೋ ಎಂಬ ಹಳೆಯ ಸಾಗಣೆ ಕಂಪನಿಯೇ 2023ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಏರಿದ ದರದ ಕಾಲದಲ್ಲಿ ಮಾಡಿದ ಸಾಲ ಇಳಿದ ದರದ ಕಾಲದಲ್ಲಿ ದಾರಿಗಳನ್ನು ಮುಚ್ಚುವ ಕ್ರಮ ಎರಡೂ ಕಡೆ ಒಂದೇ.

ಹಳೆಯ ಸಾಗಣೆದಾರರು

ಸರಕು ಹೊರುವುದು ಈ ಸೀಮೆಗೆ ಹೊಸದಲ್ಲ. ಹುನಗುಂದ ತಾಲ್ಲೂಕಿನ ಐಹೊಳೆ ಮಧ್ಯಯುಗದಲ್ಲಿ ಐನೂರ್ವರು ಎಂಬ ವರ್ತಕ ಸಂಘದ ಮೂಲಸ್ಥಾನವಾಗಿತ್ತು. ದಕ್ಷಿಣ ಭಾರತದಲ್ಲೆಲ್ಲ ಹರಡಿರುವ ಆ ಸಂಘದ ಶಾಸನಗಳು ಬಟ್ಟೆ, ಸಾಂಬಾರ ಪದಾರ್ಥ, ರತ್ನ, ಕುದುರೆ ಮುಂತಾಗಿ ಅವರು ವ್ಯವಹರಿಸಿದ ಹಲವು ಬಗೆಯ ಸರಕುಗಳನ್ನು ಹೆಸರಿಸುತ್ತವೆ. ಒಂದೇ ಸರಕನ್ನೂ ಒಂದೇ ದಾರಿಯನ್ನೂ ನೆಚ್ಚದ, ನಷ್ಟವನ್ನು ಹಂಚಿಕೊಳ್ಳಬಲ್ಲ ಕೂಟ ಅದಾಗಿತ್ತು. ಎತ್ತುಗಳ ಮೇಲೆ ಉಪ್ಪು ಮತ್ತು ಧಾನ್ಯ ಹೇರಿ ದಖ್ಖನಿನ ಉದ್ದಗಲ ನಡೆದ ಲಂಬಾಣಿಗಳ ಕಥೆ ಇನ್ನೊಂದು ಬಗೆಯದು. ಬಂಡಿರಸ್ತೆಗಳು ಬಂದು, 1880ರ ದಶಕದಲ್ಲಿ ಗದಗ ಮತ್ತು ಹೊಟಗಿಯ ನಡುವೆ ಬಾದಾಮಿ, ಬಾಗಲಕೋಟೆಯ ಮೂಲಕ ರೈಲು ಓಡತೊಡಗಿದ ಕಾಲಕ್ಕೆ, ಅವರ ಕಸುಬಿನ ಆಧಾರವೇ ಹೋಯಿತು. ಬೇರೆ ಕಸುಬಿಗೆ ಹೋಗಲು ಬೇಕಾದ ಭೂಮಿಯಾಗಲಿ ಬಂಡವಾಳವಾಗಲಿ ಅವರಿಗೆ ದೊರೆಯಲಿಲ್ಲ. ಇಂದು ಕಬ್ಬಿನ ಗ್ಯಾಂಗುಗಳಲ್ಲಿ ತಾಂಡಾಗಳ ಜನ ದುಡಿಯುತ್ತಿರುವುದರಲ್ಲಿ ಆ ನಷ್ಟದ ಪರಿಣಾಮವೂ ಇದೆ. ಕಸುಬು ಬದಲಾಯಿಸುವವರ ಹಿಂದೆ ಒಂದು ಸಂಘಟನೆಯ ಬಲವಿದೆಯೇ ಇಲ್ಲವೇ ಎಂಬುದು ಅವರ ಮುಂದಿನ ಪೀಳಿಗೆಗಳ ಬದುಕನ್ನೂ ನಿರ್ಧರಿಸುತ್ತದೆ.

ಬದಲಾವಣೆಗೆ ಬೇಕಾದ ಸಿದ್ಧತೆ

ಇದರಿಂದ ಮಾಲೀಕ-ಚಾಲಕರಿಗೆ ಮೂಡುವ ಸಲಹೆಗಳು ಕಠಿಣವಾದರೂ ಸ್ಪಷ್ಟ. ಕಂತನ್ನು ಒಳ್ಳೆಯ ತಿಂಗಳ ಗಳಿಕೆಗೆ ಬದಲು ಹಿಂದಿನ ಕೆಟ್ಟ ವರ್ಷದ ಗಳಿಕೆಗೆ ಹೊಂದಿಸಬೇಕು. ಲಾರಿ ಕೊಳ್ಳುವಾಗ, ಮೂಲ ಬೇರೆಯಿರುವ ಕನಿಷ್ಠ ಎರಡು ಸರಕುಗಳಿಗೆ ಒಗ್ಗುವ ಮೈಕಟ್ಟನ್ನು ಆರಿಸಬೇಕು. ಮುಖ್ಯ ಸರಕು ಚೆನ್ನಾಗಿ ನಡೆಯುತ್ತಿರುವಾಗಲೇ ವರ್ಷದಲ್ಲಿ ಕೆಲವು ಟ್ರಿಪ್ಪುಗಳನ್ನು ಎರಡನೆಯ ಸರಕಿಗೆ ಮೀಸಲಿಟ್ಟು ಅಲ್ಲಿಯ ಆಫೀಸು, ಪಾಳಿ ಮತ್ತು ಇಳಿಸುವ ಜಾಗದ ಪರಿಚಯ ಬೆಳೆಸಿಕೊಳ್ಳಬೇಕು. ಕಾನೂನಿನ ಅನುಕೂಲಗಳನ್ನೂ ಬಿಡಬಾರದು. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದವರು ಪ್ಯಾನ್ ಸಂಖ್ಯೆಯೊಡನೆ ಘೋಷಣೆ ಕೊಟ್ಟರೆ ಬಾಡಿಗೆಯಲ್ಲಿ ತೆರಿಗೆ ಮುರಿದುಕೊಳ್ಳುವ ಅಗತ್ಯವಿರುವುದಿಲ್ಲ. ಉದ್ಯಮ ನೋಂದಣಿ ಮಾಡಿಸಿಕೊಂಡ ಸಣ್ಣ ಸಾಗಣೆದಾರರಿಗೆ 2006ರ ಎಂಎಸ್‌ಎಂಇ ಕಾಯಿದೆಯಂತೆ ಗರಿಷ್ಠ 45 ದಿನಗಳಲ್ಲಿ ಬಾಕಿ ಪಡೆಯುವ ಹಕ್ಕಿದೆ.

ಒಬ್ಬೊಬ್ಬರ ಎಚ್ಚರದಿಂದ ಆಗದ ಕೆಲಸಗಳು ಸಂಸ್ಥೆಗಳಿಗೆ ಸೇರಿದವು. 1997ರ ಸೌಹಾರ್ದ ಸಹಕಾರಿ ಕಾಯಿದೆಯ ಬಳಿಕ ಉತ್ತರ ಕರ್ನಾಟಕದ ಊರೂರಲ್ಲಿ ಬೇರೂರಿರುವ ಸಹಕಾರಿಗಳು ಲಾರಿ ಸಾಲದ ಕಂತನ್ನು ಹಂಗಾಮಿಗೆ ತಕ್ಕಂತೆ, ಗಳಿಕೆಯ ತಿಂಗಳಲ್ಲಿ ಹೆಚ್ಚಾಗಿ ಉಳಿದ ತಿಂಗಳಲ್ಲಿ ಕಡಿಮೆಯಾಗಿ ನಿಗದಿಪಡಿಸಬಹುದು. ಲಾರಿ ಮಾಲೀಕರ ಸಂಘಗಳು ಇಳಕಲ್, ಬಾಗಲಕೋಟೆ ಮತ್ತು ಮುಧೋಳದ ಪಾಳಿಗಳನ್ನು ಪರಸ್ಪರ ತೆರೆದು, ಕಲ್ಲಿನ ಕೆಲಸ ನಿಂತಾಗ ಕಬ್ಬಿನಲ್ಲೂ ಕಬ್ಬಿನ ಹಂಗಾಮು ಮುಗಿದಾಗ ಸಿಮೆಂಟಿನಲ್ಲೂ ಪರಸ್ಪರರಿಗೆ ಅವಕಾಶ ಕೊಡುವ ಒಪ್ಪಂದಕ್ಕೆ ಬರಬಹುದು. ನ್ಯಾಯಾಲಯ ಅಥವಾ ಸರ್ಕಾರ ಪರಿಸರದ ಕಾರಣಕ್ಕೆ ಒಂದು ಉದ್ಯಮವನ್ನು ನಿಲ್ಲಿಸುವಾಗ ಗಣಿಯ ಕಾರ್ಮಿಕರೊಡನೆ ಸಣ್ಣ ಸಾಗಣೆದಾರರ ಸಾಲದ ಮರುಹೊಂದಾಣಿಕೆಯನ್ನೂ ಪರಿಹಾರ ಯೋಜನೆಯಲ್ಲಿ ಸೇರಿಸುವುದು ನ್ಯಾಯ.

142 ಕಿಲೋಮೀಟರ್ ಉದ್ದದ ಬಾಗಲಕೋಟೆ–ಕುಡಚಿ ರೈಲುಮಾರ್ಗ ಪೂರ್ಣಗೊಂಡಾಗ ಸಿಮೆಂಟ್ ಮತ್ತು ಸಕ್ಕರೆಯ ದೂರದ ಲೋಡಿನ ಒಂದು ಭಾಗ ರಸ್ತೆಯಿಂದ ರೈಲಿಗೆ ಹೋಗುವ ಸಂಭವವಿದೆ, ಮತ್ತು ನಿಲ್ದಾಣದಿಂದ ಊರಿಗೆ ಸರಕು ತಲುಪಿಸುವ ಕಡಿಮೆ ದೂರದ ಕೆಲಸ ಹೆಚ್ಚಬಹುದು. ಆ ಬದಲಾವಣೆ ಹಿಂಜರಿತದಂತೆ ಹೇಳದೆ ಬರುವುದಲ್ಲ. ಅದರ ದಾರಿ ಮೊದಲೇ ತಿಳಿದಿದೆ. ಅದಿರಿನ ವರ್ಷಗಳಲ್ಲಿ ಸಿಗದಿದ್ದ ಸಿದ್ಧತೆಯ ಸಮಯ ಈ ಸಲ ಸಿಕ್ಕಿರುವುದರಿಂದ, ಮುಂದಿನ ಲಾರಿಯ ಸಾಲಕ್ಕೆ ಸಹಿ ಹಾಕುವ ಮೊದಲೇ ಮಾಲೀಕರೂ ಸಹಕಾರಿಗಳೂ ಸಂಘಗಳೂ ಒಟ್ಟಿಗೆ ಕುಳಿತು ಆ ಲೆಕ್ಕವನ್ನು ಮಾಡಿಕೊಳ್ಳಬೇಕು.